ಬೇಲೂರಿನ ಕಲ್ಲುರಂಗ

ಜನರಿದ್ದಲ್ಲಿಗೆ ತಾನೇ ನಡೆದು ಹೋಗುವುದು ನಾಟಕದ ಹುಟ್ಟುಗುಣ. ನಮ್ಮಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿ ಪರದೆ ಪೆಟ್ಟಿಗೆಗಳನ್ನು ಹೇರಿಕೊಂಡು ಊರೂರು ತಿರುಗಿತು. ಅಮೆರಿಕದವರಂತೂ ದೋಣಿಯ ಮೇಲೆಯೇ ರಂಗಮಂದಿರ ಕಟ್ಟಿ ನದಿಯಲ್ಲಿ ತೇಲಿಬಿಟ್ಟರು. ಚಾಪ್‌ಮನ್ ಎಂಬ ನಟರ ಕುಟುಂಬ 1831ರಲ್ಲಿ ಓಹಾಯೋ ನದಿಗೆ ಅಂಥದೊಂದನ್ನು ಇಳಿಸಿತು. ಸಂಜೆ ದಡದ ಹಳ್ಳಿಯವರಿಗೆ ಆಟ. ಮುಗಿದ ಮೇಲೆ ದೋಣಿ ಮುಂದಿನ ಊರಿಗೆ. ಕಾಲ ಬದಲಾಯಿತು. 1923ರಲ್ಲಿ ಕಟ್ಟಿದ ‘ಮೆಜೆಸ್ಟಿಕ್’ ಎಂಬ ದೋಣಿಯನ್ನು ಬಹುಕಾಲ ಸಿನ್ಸಿನಾಟಿಯ ದಡಕ್ಕೆ ಕಟ್ಟಿ ನಿಲ್ಲಿಸಿದ್ದರು. ಅಲ್ಲಿಯೂ ನಾಟಕಗಳಾದವು, ನಿಜ. ಆದರೆ ಹೊರಟು ಬರುವವರು ಈಗ ಪ್ರೇಕ್ಷಕರು.

ನಮ್ಮ ಹೇಮಾವತಿಗೆ ಆ ಭಾಗ್ಯವೆಲ್ಲಿ! ಬೇಸಗೆಯಲ್ಲಿ ಎಮ್ಮೆ ಮುಳುಗುವಷ್ಟು ನೀರು ಸಿಕ್ಕರೆ ಹೆಚ್ಚು. ಆದರೆ ಅದರ ಉಪನದಿಯಾದ ಯಗಚಿಯ ಬಳಿಯ ಬೇಲೂರಿನಲ್ಲಿ, ದಡಕ್ಕೆ ಕಟ್ಟಿದ ಆ ದೋಣಿಯಂತೆಯೇ ನಿಂತುಹೋದ ರಂಗವೊಂದಿದೆ. ಕಳೆದ ದಸರಾ ರಜೆಯಲ್ಲಿ ನಾನೂ ನಮ್ಮಪ್ಪನೂ ಹೊಳೆನರಸೀಪುರದಿಂದ ಹಾಸನಕ್ಕೆ ಬಂದು, ಬಸ್ಸು ಬದಲಾಯಿಸಿ ಅದನ್ನು ನೋಡಲು ಹೋದೆವು.

ಚೆನ್ನಕೇಶವನ ಗುಡಿಯ ವರ್ಣನೆಯನ್ನು ನಾನಿಲ್ಲಿ ಮಾಡಹೊರಟಿಲ್ಲ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು, 2023ರಲ್ಲಿ ಹಳೇಬೀಡು ಸೋಮನಾಥಪುರಗಳೊಡನೆ ಯುನೆಸ್ಕೋ ಪಟ್ಟಿಗೆ ಸೇರಿದ್ದು ಎಲ್ಲರೂ ಬಲ್ಲ ಸಂಗತಿ. ನಾನು ಹೇಳಬೇಕಾದದ್ದು ನವರಂಗದ ನಡುವಿನ ದುಂಡು ಕಲ್ಲಿನ ಜಗಲಿಯ ಮಾತು. ಕನ್ನಡಿಯಂತೆ ನಯವಾದ ಜಗಲಿ. ಸುತ್ತ ನಾಲ್ಕು ಕಂಬಗಳು, ಅವುಗಳ ಮೇಲೆ ಬಾಗಿ ನೋಡುವ ನಾಲ್ವರು ಮದನಿಕೆಯರು. ಶಾಂತಲೆ ಅಲ್ಲಿ ನರ್ತಿಸಿದಳೆಂಬುದು ಜನರ ನಂಬಿಕೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಆಕೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯಿದೆ. ಶಾಸನಗಳು ಆಕೆಯ ಸಂಗೀತ ನೃತ್ಯಗಳ ಜಾಣ್ಮೆಯನ್ನು ಬಾಯ್ತುಂಬ ಹೊಗಳುತ್ತವೆ. ಆದ್ದರಿಂದ ಆ ನಂಬಿಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಯಾತ್ರಿಕರು ಬರುತ್ತಿದ್ದರು, ಮೇಲಿನ ಭುವನೇಶ್ವರಿಯ ಕಡೆಗೆ ಮೊಬೈಲು ಎತ್ತುತ್ತಿದ್ದರು, ಹೋಗುತ್ತಿದ್ದರು. ಒಂದೊಂದು ಗುಂಪಿಗೂ ಐದೇ ನಿಮಿಷ. ಅಪ್ಪ ಮಾತ್ರ ಕದಲಲಿಲ್ಲ. ಜಗಲಿಯ ಅಗಲವನ್ನು ಕಣ್ಣಿನಲ್ಲೇ ಅಳೆದು, ಗೈಡನ್ನು ಕೇಳಿದ: “ಅಲ್ಲ ಸ್ವಾಮಿ, ಮದ್ದಳೆಯೋನು ಯಾವ ಕಡೆ ಕೂರ್ತಿದ್ದ?”

ಪಾಪ, ಆತನಿಗೆ ಈ ಪ್ರಶ್ನೆಯನ್ನು ಹಿಂದೆ ಯಾರೂ ಹಾಕಿರಲಾರರು. ಸುಮ್ಮನೆ ನಕ್ಕ.

“ಈ ಕತ್ತಲಲ್ಲಿ ಕುಣಿಯೋರ ಮುಖ ಜನಕ್ಕೆ ಕಾಣೋದು ಹೆಂಗೆ?”

“ಈ ಜಾಲಂಧ್ರಗಳು ಆಮೇಲೆ ಬಂದದ್ದು, ಯಜಮಾನ್ರೇ. ವೀರಬಲ್ಲಾಳನ ಕಾಲದ್ದು. ಮೊದಲು ಸುತ್ತ ತೆರೆದೇ ಇತ್ತು.”

“ಹಂಗೆ ಹೇಳಿ ಮತ್ತೆ!” ಎಂದ ಅಪ್ಪ. ಗಾಳಿ ಬೆಳಕು ಆಡುವ ಮಂಟಪ, ಸುತ್ತ ನಿಂತ ಜನ, ನಡುವೆ ಹೆಜ್ಜೆಯ ಸದ್ದು. ಮೂರು ವರ್ಷ ಇತಿಹಾಸ ಓದಿದ ನನಗೆ ಆ ಕಲ್ಲು ರಂಗವಾಗಿ ಕಂಡದ್ದು ಆ ಗಳಿಗೆಯಲ್ಲಿಯೇ.

ನಮ್ಮಪ್ಪನಿಗೆ ಅಕ್ಷರ ಬಾರದು. ಆದರೆ ‘ಕುರುಕ್ಷೇತ್ರ’ದ ದುರ್ಯೋಧನನ ಮಾತು, ಕಂದ, ಪದ್ಯ ಅಷ್ಟೂ ಬಾಯಲ್ಲಿವೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ನಾಟಕವೆಂದರೆ ಸುಗ್ಗಿ ಕಳೆದ ಮೇಲೆ ರಾತ್ರಿಯೆಲ್ಲ ಅಭ್ಯಾಸ, ಹಾರ್ಮೋನಿಯಂ ಮೇಷ್ಟ್ರ ಬೈಗುಳ, ಬಾಡಿಗೆಯ ಸೀನರಿ. ನಟನಿಗೆ ಸಂಬಳವಿಲ್ಲ, ಅವನೇ ಪಾತ್ರಕ್ಕೆ ಹಣ ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ದೂತನಿಗೆ ಕಡಿಮೆ. ಬೆಳಕು ಹರಿಯುವ ಹೊತ್ತಿಗೆ ಭೀಮನ ಗದೆ ತೊಡೆಗೆ ಬೀಳುತ್ತದೆ; ಮಧ್ಯಾಹ್ನಕ್ಕೆ ಕಂಬ ಕಿತ್ತು ಗಾಡಿಗೇರಿಸುತ್ತಾರೆ. ಮರುದಿನ ಅಲ್ಲಿ ರಾಗಿ ಹುಲ್ಲಿನ ಮೆದೆ. ಆ ರಂಗವನ್ನು ನೋಡಲು ಯಾವ ದೇಶದ ಯಾತ್ರಿಕನೂ ಬರುವುದಿಲ್ಲ, ಬಂದರೆ ತೋರಿಸಲು ಏನೂ ಇರುವುದಿಲ್ಲ. ಬೇಲೂರಿನಲ್ಲಿ ರಂಗವಿದೆ, ಆಟವಿಲ್ಲ. ನಮ್ಮೂರಿನಲ್ಲಿ ಆಟವಿದೆ, ರಂಗವಿಲ್ಲ. ಕಲ್ಲಿಗೆ ಕಾವಲಿಡುವುದು ಸರಿಯೆ. ಒಂಬೈನೂರು ವರ್ಷ ಬಾಳಿದ್ದನ್ನು ಇನ್ನಷ್ಟು ಕಾಲ ಬಾಳಿಸಬೇಡವೆ? ಆದರೆ ಹಳ್ಳಿಯ ಆಟವನ್ನು ಲೇವಡಿ ಮಾಡುವ ಸ್ನೇಹಿತರು ಬೇಲೂರಿನಲ್ಲಿ ಭಕ್ತಿಯಿಂದ ಕೈಮುಗಿಯುವುದನ್ನು ಕಂಡಾಗ ನನಗೆ ನಗು ಬರುತ್ತದೆ.

ನಾನು ಬಿ.ಎ. ಸೇರಿದ ವರ್ಷದಿಂದ ಅಪ್ಪ ಪಾತ್ರ ತೆಗೆದುಕೊಂಡಿಲ್ಲ. ಕೇಳಿದರೆ “ಗಂಟಲು ಕೆಟ್ಟದೆ” ಎನ್ನುತ್ತಾನೆ. ಪಾತ್ರದ ಹಣ ಎಲ್ಲಿಗೆ ಹೋಯಿತೆಂಬುದನ್ನು ಹೇಳಿದವಳು ಅವ್ವ. ಬೇಲೂರಿನಿಂದ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅಪ್ಪ ದುರ್ಯೋಧನನ ಒಂದು ಪದ್ಯವನ್ನು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದ. ಗಂಟಲು ಚೆನ್ನಾಗಿಯೇ ಇತ್ತು.

ಈ ವರ್ಷ ಶಿವರಾತ್ರಿಗೆ ಊರಿನಲ್ಲಿ ಮತ್ತೆ ನಾಟಕದ ಮಾತು ಎದ್ದಿದೆ. ದುರ್ಯೋಧನನ ಪಾತ್ರವನ್ನು ಇನ್ನೂ ಯಾರೂ ಹಿಡಿದಿಲ್ಲ. ಮೇಷ್ಟ್ರ ಹಳೆಯ ಪುಸ್ತಕದ ಹಾಳೆಗಳು ಉದುರಿಹೋಗಿವೆಯೆಂದು, ಮಾತುಗಳನ್ನೆಲ್ಲ ಹೊಸ ನೋಟುಬುಕ್ಕಿಗೆ ಎತ್ತಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹರಿದುಹೋದ ಪುಟಗಳ ಮಾತನ್ನು ಅಪ್ಪ ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ.