ಮಕ್ಕಳಿಗೆ ಹಳಗನ್ನಡವೇಕೆ?

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಪಾಲಕರೇ, ಯಾರ ಮನೆಮಾತೂ ಅಲ್ಲದ ಲ್ಯಾಟಿನ್ನನ್ನು ಯುರೋಪಿನ ಹಲವು ಶಾಲೆಗಳು ಇಂದಿಗೂ ಕಲಿಸುತ್ತವೆ. ನೀವಾದರೋ ಹಳಗನ್ನಡದಿಂದ ಲಾಭವೇನೆಂದು ಕೇಳುತ್ತೀರಿ.

‘ಪಾಲ್’ ಹಾಲಾದುದನ್ನು, ‘ಪೆಸರ್’ ಹೆಸರಾದುದನ್ನು ಅರಿತ ಮಗುವಿಗೆ ತೆಲುಗಿನ ‘ಪಾಲು’, ‘ಪೇರು’ ಪರಕೀಯವೆನಿಸವು. ಸಂಧಿ, ಸಮಾಸ, ವಿಭಕ್ತಿಗಳನ್ನು ಇಲ್ಲಿ ಕಲಿತರೆ ಅವೇ ಹೆಸರಿನ ಮರಾಠಿ ವ್ಯಾಕರಣವೂ ಸುಲಭ.

ಸುಮಾರು 850ರ ‘ಕವಿರಾಜಮಾರ್ಗ’ವು ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿತು. ಅದಕ್ಕೆ ಆಶ್ರಯವಿತ್ತ ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನವರೆಂದು ಹೇಳಿಕೊಂಡರು. ಅದುವೇ ನಮ್ಮ ಲಾತೂರು. 1956ರಲ್ಲಿ ಗಡಿ ಸರಿಯಿತು, ಕನ್ನಡ ಶಾಸನಗಳು ಇದ್ದಲ್ಲಿಯೇ ಉಳಿದವು. ಅವನ್ನು ಓದಬಲ್ಲ ಮಗು ಈ ನೆಲದಲ್ಲಿ ತನ್ನನ್ನು ಪರದೇಶಿಯೆಂದು ಭಾವಿಸದು.

ಎಂಟನೆಯ ತರಗತಿಯಿಂದ ವಾರಕ್ಕೊಂದು ತಾಸು ಸಾಕು. ಪಾಲಕರ ಸಭೆಯಲ್ಲಿ ನೀವೇ ಅದನ್ನು ಕೇಳಿರಿ.