ಸಂಧಿ ಗೊತ್ತಿಲ್ಲದ ಕೂಡಿಕೆ

ಆಕ್ ಎಂಬ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದಕ್ಕೆ ಪದ ಕೂಡಿಸಲು ಚಿಹ್ನೆಯೇ ಇಲ್ಲ. ಪಕ್ಕಪಕ್ಕ ಬರೆದರೆ ಸಾಕು, ಅಂಟಿಕೊಳ್ಳುತ್ತವೆ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ಕಟ್ಟಿದವರು ಆಹೊ, ವೈನ್‌ಬರ್ಗರ್ ಮತ್ತು ಕರ್ನಿಹಾನ್. ಇಂಗ್ಲಿಷಿನಲ್ಲಿ ಈ ಮೂವರ ಹೆಸರಿನ ಮೊದಲಕ್ಷರಗಳು ಕೂಡಿಯೇ ಭಾಷೆಯ ಹೆಸರೂ ಆಯಿತು.

ನಮ್ಮೂರ ಶಾಲೆಯ ಗುರುವಂದನೆಗೆ ನಿವೃತ್ತ ಮೇಷ್ಟ್ರುಗಳಿಗೆಲ್ಲ ಕರೆಯೋಲೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಆಕ್ ಹಿಡಿದೆ. ಕಡತದ ಪ್ರತಿ ಸಾಲಿನಲ್ಲೂ ಹೆಸರು, ಊರು. ಆಕ್ ಒಂದೊಂದೇ ಸಾಲು ಓದಿ, ಮೊದಲ ಪದವನ್ನು $1 ಎಂದೂ ಎರಡನೆಯದನ್ನು $2 ಎಂದೂ ಕರೆಯುತ್ತದೆ. ಪ್ರಿಂಟ್ ಆಜ್ಞೆಯಲ್ಲಿ ಇವೆರಡರ ನಡುವೆ ಅಲ್ಪವಿರಾಮ ಹಾಕಿದರೆ ಪದಗಳ ಮಧ್ಯೆ ತೆರಪು ಬರುತ್ತದೆ. ಹಾಕದಿದ್ದರೆ ಎರಡೂ ಒಂದೇ ಪದ.

ವೇರಿಯಬಲ್‌ಗಳದ್ದೂ ಇದೇ ಸರಳತೆ. ಮೊದಲೇ ಘೋಷಿಸಬೇಕಿಲ್ಲ. ಬೆಲೆ ಕೊಡದ ವೇರಿಯಬಲ್ ಲೆಕ್ಕದಲ್ಲಿ ಸೊನ್ನೆ, ಬರಹದಲ್ಲಿ ಖಾಲಿ. 12 ಮತ್ತು 1ರ ನಡುವೆ ಕೂಡಿಸುವ ಗುರುತಿದ್ದರೆ 13. ಬರೀ ತೆರಪಿದ್ದರೆ 121. ವಸ್ತು ಯಾವುದೆಂದು ಹೇಳುವುದು ಅದನ್ನು ಬಳಸಿದ ರೀತಿ.

ತೊಡಕು ಕನ್ನಡದ್ದು. 'ಮೈಸೂರು' ಪಕ್ಕದಲ್ಲಿ 'ಅಲ್ಲಿ' ಇಟ್ಟರೆ ಆಕ್ 'ಮೈಸೂರುಅಲ್ಲಿ' ಎನ್ನುತ್ತದೆ. ಅದಕ್ಕೆ ಲೋಪ, ಆಗಮ, ಆದೇಶ ಯಾವುದೂ ತಿಳಿಯದು. ನಮಗೆ ಸಂಧಿ ಕಲಿಸಿದವರಿಗೇ ಅಂಥ ಪತ್ರ ಹೋಗಬಾರದು. ಪದದ ಕೊನೆ ನೋಡಿ ನಿಯಮ ಬರೆದೆ: 'ರು' ಇದ್ದರೆ ತೆಗೆದು 'ರಿನಲ್ಲಿ'; ಇಕಾರ, ಎಕಾರದ ಗುರುತಿದ್ದರೆ 'ಯಲ್ಲಿ'; ಯಾವ ಗುರುತೂ ಇಲ್ಲದಿದ್ದರೆ 'ದಲ್ಲಿ'. ತುಮಕೂರಿನಲ್ಲಿ, ಶಿರಸಿಯಲ್ಲಿ, ದಾವಣಗೆರೆಯಲ್ಲಿ, ಮಂಡ್ಯದಲ್ಲಿ. ಪಟ್ಟಿಯಲ್ಲಿದ್ದ ಊರುಗಳಿಗೆ ಇಷ್ಟು ಸಾಕಾಯಿತು.

ಕೊನೆಯ ನಿಯಮ ಬರೆಯುವಾಗ ಕೈ ಒಂದು ಕ್ಷಣ ನಿಂತಿತು. 'ಮಂಡ್ಯ'ದ ತುದಿಯ ಅಕಾರಕ್ಕೆ ಕಡತದಲ್ಲೂ ಬೇರೆ ಗುರುತಿಲ್ಲ. ಏನೂ ಸೇರಿಸದೆ ಬಿಟ್ಟರೆ ಅದೇ ಅಕಾರ. ಆಕ್‌ನ ಕೂಡಿಕೆಯೂ ಹಾಗೆಯೇ. ಬರೆಯದೆ ಬಿಟ್ಟದ್ದನ್ನೂ ಓದಬೇಕೆಂದು ಕಲಿಸಿದ್ದವರು ಆ ಪಟ್ಟಿಯಲ್ಲಿದ್ದ ಮೇಷ್ಟ್ರುಗಳೇ.

ಇಂದು ಪರದೆಗಳ ತುಂಬ 'ಬೆಂಗಳೂರುನಲ್ಲಿ' ಎಂಬಂಥ ಪದಗಳು ಕಾಣುತ್ತವೆ. ಯಂತ್ರಕ್ಕೆ ಕನ್ನಡ ಬಾರದೆಂದು ಬೈಯುತ್ತೇವೆ. ಯಂತ್ರ ಹೇಳಿದಷ್ಟು ಮಾಡುತ್ತದೆ; ನಾಲ್ಕು ಸಾಲು ಹೆಚ್ಚು ಹೇಳುವ ತಾಳ್ಮೆ ಮಾತ್ರ ನಮ್ಮದಾಗಬೇಕು.