‘ಕನ್ನಡ’ದಲ್ಲಿ ಎಷ್ಟು ಅಕ್ಷರ?

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಒಂದನೇ ತರಗತಿಯ ಮಗುವನ್ನು ಕೇಳಿದರೆ ಬೆರಳು ಮಡಿಚಿ ಮೂರು ಎನ್ನುತ್ತದೆ: ಕ, ನ್ನ, ಡ. ಇದೇ ಪ್ರಶ್ನೆಯನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಕೇಳಿ ನೋಡಿ. ಅದರ ಹಳೆಯ ಅವತಾರವಾದ ಪೈಥಾನ್ 2 ಸಾಮಾನ್ಯವಾಗಿ 15 ಎಂದು ಹೇಳುತ್ತಿತ್ತು. ಈಗಿನ ಪೈಥಾನ್ 3 ಹೇಳುವುದು 5. ಈ 15ರಿಂದ 5ಕ್ಕೆ ಇಳಿಯಲು ಆ ಭಾಷೆಯನ್ನು ನಂಬಿದ ಜಗತ್ತು ಸುಮಾರು 12 ವರ್ಷ ಏಗಿತು. ಸಾಫ್ಟ್‌ವೇರ್ ಕೆಲಸ ಮಾಡಿಕೊಂಡು ಬಂದ ನನ್ನ ಬದುಕಿನ ದೊಡ್ಡ ಭಾಗ ಆ ಏಗಾಟದ ನಡುವೆಯೇ ಕಳೆದಿದೆ.

ಪೈಥಾನ್ ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಎಂಬ ಗಣಿತ ಮತ್ತು ಗಣಕ ಸಂಶೋಧನಾ ಸಂಸ್ಥೆಯಲ್ಲಿ. 1989ರ ಕ್ರಿಸ್‌ಮಸ್ ರಜೆಯಲ್ಲಿ ಬಿಡುವಿದ್ದ ಗೀಡೊ ವಾನ್ ರೋಸಮ್ ಅದನ್ನು ಬರೆಯಲು ಶುರುಮಾಡಿದರು. ಹೆಸರು ಹೆಬ್ಬಾವಿನದಲ್ಲ, ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಹಾಸ್ಯ ತಂಡದ್ದು. 1991ರಲ್ಲಿ ಅದು ಸಾರ್ವಜನಿಕರ ಕೈಗೆ ಬಂತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಹೊರಬಂದದ್ದೂ ಅದೇ ವರ್ಷ. ಇಬ್ಬರೂ ಒಂದೇ ವರ್ಷ ಊರಿಗೆ ಬಂದರೂ ಪರಸ್ಪರ ಪರಿಚಯವಾಗಲು ಬಹಳ ಕಾಲ ಹಿಡಿಯಿತು.

ಆಗಿನ ಪೈಥಾನ್‌ಗೆ ಪಠ್ಯ ಎಂದರೆ ಬೈಟುಗಳ ಸಾಲು, ಅಷ್ಟೇ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಆಸ್ಕಿ ಎಂಬ ಹಳೆಯ ಪದ್ಧತಿಯ 128 ಸಂಕೇತಗಳಲ್ಲಿ ಇಂಗ್ಲಿಷಿನ ಸಂಸಾರವೆಲ್ಲ ಹಿಡಿಸುತ್ತದೆ. ನಮ್ಮದು ಹಾಗಲ್ಲ. ಯೂನಿಕೋಡ್ ಪ್ರಕಾರ ‘ಕನ್ನಡ’ ಎಂದರೆ ಐದು ಸಂಕೇತ: ಕ, ನ, ವಿರಾಮ ಚಿಹ್ನೆಯಾದ ಅರ್ಧಾಕ್ಷರದ ಕೊಂಬು, ಮತ್ತೆ ನ, ಡ. ಯುಟಿಎಫ್-8 ಎಂಬ ಕ್ರಮದಲ್ಲಿ ಕಡತಕ್ಕೆ ಇಳಿಸಿದರೆ ಒಂದೊಂದಕ್ಕೂ ಮೂರು ಬೈಟು. ಐದು ಮೂರಲ 15. ಹಳೆಯ ಪೈಥಾನ್ ಎಣಿಸುತ್ತಿದ್ದದ್ದು ಇದನ್ನು. ಅದು ಚೀಲದ ಭಾರ ಹೇಳುತ್ತಿತ್ತೇ ಹೊರತು ಒಳಗಿದ್ದ ತೆಂಗಿನಕಾಯಿಗಳ ಲೆಕ್ಕವನ್ನಲ್ಲ.

2000ದಲ್ಲಿ ಬಂದ ಪೈಥಾನ್ 2.0 ಇದಕ್ಕೊಂದು ಪರಿಹಾರ ಹುಡುಕಿತು. ಮೊದಲಿದ್ದ ಬೈಟುಗಳ ಪಠ್ಯದ ಜೊತೆಗೆ ಯೂನಿಕೋಡ್ ಪಠ್ಯ ಎಂಬ ಇನ್ನೊಂದು ಬಗೆಯನ್ನು ಸೇರಿಸಿತು. ಇಂಗ್ಲಿಷಿಗೆ ನಡುಮನೆ, ಉಳಿದವರಿಗೆ ಜಗುಲಿ ಎನ್ನುವಂಥ ಏರ್ಪಾಡು. ತೊಂದರೆ ಬರುತ್ತಿದ್ದದ್ದು ಎರಡನ್ನೂ ಬೆರೆಸಿದಾಗ. ಪೈಥಾನ್ ಬಾಯಿಬಿಟ್ಟು ಕೇಳದೆ, ಬೈಟುಗಳೆಲ್ಲ ಆಸ್ಕಿಯೇ ಇರಬೇಕು ಎಂದುಕೊಂಡು ಜೋಡಿಸಲು ಹೋಗುತ್ತಿತ್ತು. ಇಂಗ್ಲಿಷ್ ಪಠ್ಯವಿದ್ದರೆ ಆ ಊಹೆ ಸರಿಹೋಗುತ್ತಿತ್ತು. ಬೇರೆ ಲಿಪಿ ಬಂದ ಗಳಿಗೆಯಲ್ಲಿ ಪ್ರೋಗ್ರಾಮು ಮುಗ್ಗರಿಸುತ್ತಿತ್ತು.

2010ರ ಆಸುಪಾಸಿನ ಮಾತು. ಮಲೆನಾಡಿನ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದ ಗೆಳೆಯರೊಬ್ಬರು ಗದ್ದೆ ಕೆಲಸದ ಪದಗಳನ್ನು ವರ್ಷಗಟ್ಟಲೆ ಕೂಡಿಹಾಕಿದ್ದರು. ಸಸಿಮಡಿ, ಬದು, ಮೇಳಿ, ಕುಂಟೆ, ಹೀಗೆ ಸಾವಿರಕ್ಕೂ ಹೆಚ್ಚು. ಅವನ್ನು ಅಕಾರಾದಿಯಲ್ಲಿ ಜೋಡಿಸಿ, ಎರಡೆರಡು ಸಲ ಬಂದದ್ದನ್ನು ತೆಗೆದುಕೊಡಿ ಎಂದು ನನಗೆ ಕಳಿಸಿದರು. ಹತ್ತು ಸಾಲಿನ ಪ್ರೋಗ್ರಾಮು ಸಾಕು ಎನಿಸುವ ಕೆಲಸ. ಆದರೆ ಓಡಿಸಿದಾಗಲೆಲ್ಲ ಒಂದೇ ದೂರು: ಆಸ್ಕಿಗೆ ಈ ಬೈಟು ಓದಲು ಬರುವುದಿಲ್ಲ, ಇದರ ಬೆಲೆ 128ರ ಒಳಗಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತದ ಮೊದಲ ಬೈಟು 224. ಹಾಗಾಗಿ ಕಡತದ ಮೊದಲ ಪದದ ಮೊದಲ ಬೈಟಿಗೇ ಬಾಗಿಲು ಹಾಕಿಕೊಳ್ಳುತ್ತಿತ್ತು. “ನಿಮ್ಮ ಕಂಪ್ಯೂಟರಿಗೆ ಕಾಗುಣಿತ ಹೇಳಿಕೊಟ್ಟಿಲ್ವೇನ್ರೀ?” ಎಂದು ಮೇಷ್ಟ್ರು ಫೋನಿನಲ್ಲಿ ನಕ್ಕರು. ಕಡತ ಓದುವಾಗ ಬಿಡಿಸಿ, ಬರೆಯುವಾಗ ಕಟ್ಟಿ, ನಡುವೆ ಎಲ್ಲೂ ಎರಡು ಬಗೆ ಬೆರೆಯದಂತೆ ನೋಡಿಕೊಂಡ ಮೇಲೆ ಕೆಲಸವೇನೋ ಆಯಿತು. ಆದರೆ ಅದೇ ಪ್ರೋಗ್ರಾಮಿಗೆ ಇಂಗ್ಲಿಷ್ ಪದಗಳ ಪಟ್ಟಿ ಕೊಟ್ಟಿದ್ದರೆ ಈ ಯಾವ ಕಸರತ್ತೂ ಬೇಕಿರಲಿಲ್ಲ. ಬೇರೆ ಭಾಷೆಯ ಪಠ್ಯವನ್ನು ಮುಟ್ಟದವರಿಗೆ ಇಂಥದೊಂದು ಸಮಸ್ಯೆ ಇದೆಯೆಂದೇ ಗೊತ್ತಾಗುವಂತಿರಲಿಲ್ಲ.

ಗೀಡೊ ಮತ್ತು ಅವರ ಜೊತೆಗಾರರಿಗೆ ಇದು ಗೊತ್ತಿತ್ತು. 2008ರ ಡಿಸೆಂಬರ್ 3ರಂದು ಬಿಡುಗಡೆಯಾದ ಪೈಥಾನ್ 3.0ರಲ್ಲಿ ಪಠ್ಯವೆಲ್ಲ ಯೂನಿಕೋಡ್ ಆಯಿತು. ಬೈಟುಗಳೇ ಬೇರೆ, ಪಠ್ಯವೇ ಬೇರೆ. ಎರಡನ್ನೂ ಬೆರೆಸಲು ಹೋದರೆ ಯಾವ ಲಿಪಿಯಾದರೂ ಸರಿ, ಅಲ್ಲೇ ತಪ್ಪು ಎಂದು ಹೇಳುತ್ತದೆ. ಜೊತೆಗೆ ಇನ್ನೂ ಕೆಲವು ಹಳೆಯ ಅಂಕುಡೊಂಕುಗಳನ್ನು ತಿದ್ದಿದರು. 7ನ್ನು 2ರಿಂದ ಭಾಗಿಸಿದರೆ ಮೊದಲು 3 ಬರುತ್ತಿತ್ತು, ಈಗ 3.5 ಬರತೊಡಗಿತು. ಕಲಿಯುವವರು ಮೊದಲ ದಿನವೇ ಬರೆಯುವ ಪ್ರಿಂಟ್ ಆದೇಶಕ್ಕೂ ಆವರಣ ಚಿಹ್ನೆ ಕಡ್ಡಾಯವಾಯಿತು. ಇದಕ್ಕೆಲ್ಲ ತೆತ್ತ ಬೆಲೆ ಒಂದೇ: ಹಳೆಯ ಪ್ರೋಗ್ರಾಮುಗಳು ಹೊಸ ಪೈಥಾನ್‌ನಲ್ಲಿ ಇದ್ದಂತೆಯೇ ಓಡುವುದಿಲ್ಲ. ತಿಳಿದೇ ಮಾಡಿದ ಕೆಲಸ ಅದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ವಿಚಿತ್ರ ಅನಿಸಬಹುದು. ನಮ್ಮ ಭಾಷೆಯೂ ಬದಲಾಗಿದೆಯಲ್ಲ! ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ೞ ಮತ್ತು ಱ ಬಳಕೆಯಿಂದ ಬಿದ್ದುಹೋದವು. ಆದರೆ ಇಂತಿಂಥ ದಿನಾಂಕದಿಂದ ಪಕಾರ ನಿಷಿದ್ಧ ಎಂದು ಯಾರೂ ಡಂಗುರ ಸಾರಲಿಲ್ಲ. ಹಳೆಯ ರೂಪ, ಹೊಸ ರೂಪ ಶತಮಾನಗಳ ಕಾಲ ಒಟ್ಟಿಗೆ ಬಾಳಿದವು. ಪುಲಿ ಎಂದವರ ಮಾತು ಹುಲಿ ಎನ್ನುವವರಿಗೆ ಅರ್ಥವಾಗುತ್ತಿತ್ತು. ಕೇಳುವ ಕಿವಿ ಸ್ವಲ್ಪ ಹೊಂದಿಕೊಳ್ಳುತ್ತದೆ. ಯಂತ್ರಕ್ಕೆ ಆ ಔದಾರ್ಯವಿಲ್ಲ. ಒಂದು ಆವರಣ ಚಿಹ್ನೆ ಬಿಟ್ಟರೂ ಅದು ಇಡೀ ಪ್ರೋಗ್ರಾಮನ್ನು ನಿರಾಕರಿಸುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಜನರದ್ದು. ಪೈಥಾನ್ ಬೆಳೆದದ್ದು ಅದರ ಸುತ್ತ ಹುಟ್ಟಿಕೊಂಡ ಲೈಬ್ರರಿಗಳಿಂದ. ಲೆಕ್ಕಕ್ಕೆ ನಮ್‌ಪೈ, ಜಾಲತಾಣಕ್ಕೆ ಜಾಂಗೊ, ಹೀಗೆ ಯಾರೋ ಬರೆದಿಟ್ಟದ್ದನ್ನು ಇನ್ಯಾರೋ ಬಳಸುತ್ತಾರೆ. ಅವರು ಕಟ್ಟಿದ್ದನ್ನು ಮತ್ತೊಬ್ಬರು. ಈಗ ನನ್ನ ಪ್ರೋಗ್ರಾಮು ಪೈಥಾನ್ 3ಕ್ಕೆ ಹೋಗಬೇಕಾದರೆ ನಾನು ಬಳಸುವ ಹತ್ತು ಲೈಬ್ರರಿಗಳೂ ಮೊದಲು ಹೋಗಿರಬೇಕು. ಆ ಲೈಬ್ರರಿಗಳವರು, ನಮ್ಮ ಬಳಕೆದಾರರೆಲ್ಲ ಇನ್ನೂ 2ರಲ್ಲೇ ಇದ್ದಾರೆ, ನಾವ್ಯಾಕೆ ಹೋಗಬೇಕು ಎನ್ನುತ್ತಿದ್ದರು. ಎಲ್ಲರೂ ಹೊಸಿಲಲ್ಲಿ ನಿಂತು ‘ನೀವು ಮೊದಲು’ ಎನ್ನುವ ಮದುವೆ ಮನೆಯ ಉಪಚಾರದಂತೆ ವರ್ಷಗಳು ಉರುಳಿದವು. ಯಾವ ಲೈಬ್ರರಿ ದಾಟಿದೆ, ಯಾವುದು ದಾಟಿಲ್ಲ ಎಂದು ಹಸಿರು ಕೆಂಪು ಬಣ್ಣಗಳಲ್ಲಿ ತೋರಿಸುವ ಜಾಲತಾಣವೊಂದಕ್ಕೆ ‘ನಾಚಿಕೆಯ ಗೋಡೆ’ ಎಂಬರ್ಥದ ಹೆಸರೇ ಬಿದ್ದಿತ್ತು.

ಜನ ನಡುದಾರಿ ಹುಡುಕಿದರು. ಎರಡೂ ಪೈಥಾನ್‌ಗಳಲ್ಲಿ ಓಡುವಂತೆ ಬರೆಯಲು ‘ಸಿಕ್ಸ್’ ಎಂಬ ಲೈಬ್ರರಿ ಬಂತು. ಎರಡು ಮೂರಲ ಆರು ಎಂಬ ಲೆಕ್ಕದ ಹೆಸರು. 2012ರ ಪೈಥಾನ್ 3.3ರಲ್ಲಿ ಹಳೆಯ ಯೂನಿಕೋಡ್ ಗುರುತೊಂದನ್ನು ಮತ್ತೆ ಒಪ್ಪಿಕೊಂಡರು. ಹೊಸ ಪೈಥಾನ್‌ಗೆ ಅದರಿಂದ ಏನೂ ಉಪಯೋಗವಿರಲಿಲ್ಲ, ದಾಟುವವರಿಗೆ ಸಲೀಸಾಗಲಿ ಎಂದಷ್ಟೇ. ಪೈಥಾನ್ 2.7ಕ್ಕೆ 2015ರಲ್ಲಿ ನಿವೃತ್ತಿ ಎಂದು ಗೊತ್ತುಮಾಡಿದ್ದನ್ನು 2014ರಲ್ಲಿ 2020ಕ್ಕೆ ಮುಂದೂಡಿದರು. ಕೊನೆಗೆ ದೊಡ್ಡ ಲೈಬ್ರರಿಗಳೇ ಮನಸ್ಸು ಮಾಡಿದವು. 2017ರ ಡಿಸೆಂಬರಿನಲ್ಲಿ ಬಂದ ಜಾಂಗೊ 2.0 ಪೈಥಾನ್ 2ರ ಕೈಬಿಟ್ಟಿತು. ಅಷ್ಟರಲ್ಲಿ ದತ್ತಾಂಶ ವಿಜ್ಞಾನದ ಅಲೆಯಲ್ಲಿ ಬಂದ ಹೊಸಬರು ನೇರ 3ರಿಂದಲೇ ಶುರುಮಾಡುತ್ತಿದ್ದರು. ಅವರಿಗೆ ದಾಟಲು ಹೊಳೆಯೇ ಇರಲಿಲ್ಲ.

ನಾನಿದ್ದ ಕಚೇರಿ ಹೊರಟದ್ದು 2019ರಲ್ಲಿ. ಹೊಸದೇನೂ ಕಾಣದ ಕೆಲಸಕ್ಕೆ ಯಾಕಿಷ್ಟು ತಿಂಗಳು ಎಂದು ಮೇಲಿನವರು ವಾರಕ್ಕೊಮ್ಮೆ ಕೇಳುತ್ತಿದ್ದರು. ನಾವು ಬಿಲ್ಲು ಮುದ್ರಿಸಲು ಬಳಸುತ್ತಿದ್ದ ಸಣ್ಣ ಲೈಬ್ರರಿಯೊಂದನ್ನು ಬರೆದಾತ, ನನಗೀಗ ಬಿಡುವಿಲ್ಲ, ಯಾರಾದರೂ ಮುಂದುವರಿಸಿ ಎಂದು ಬರೆದಿಟ್ಟು ಸುಮ್ಮನಾಗಿದ್ದರು. ಸಂಬಳವಿಲ್ಲದೆ ರಾತ್ರಿಗಳಲ್ಲಿ ಬರೆದದ್ದು ಅದು. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ನಮ್ಮ ತಂಡದ ಹುಡುಗಿಯೊಬ್ಬಳು ಅದನ್ನು ಪೂರ್ತಿ ಓದಿ, ಪೈಥಾನ್ 3ಕ್ಕೆ ತಂದು, ಎಲ್ಲರಿಗೂ ಸಿಗುವಂತೆ ಮತ್ತೆ ಪ್ರಕಟಿಸಿದಳು. ಭಾಷೆ ಬೆಳೆಯಿತು ಎನ್ನುತ್ತೇವೆ. ಅದನ್ನು ಹೊತ್ತು ದಾಟಿಸಿದವರು ಇಂಥವರು. ಪೈಥಾನ್ 2ರ ಕೊನೆಯ ಆವೃತ್ತಿ 2.7.18 ಬಂದದ್ದು 2020ರ ಏಪ್ರಿಲ್‌ನಲ್ಲಿ. ನಾವೆಲ್ಲ ಲಾಕ್‌ಡೌನ್‌ನಲ್ಲಿ ಮನೆ ಸೇರಿದ್ದ ತಿಂಗಳದು.

ಈ ನಡುವೆ ಇನ್ನೊಂದು ಸಂಗತಿ ನಡೆಯಿತು. ಗೀಡೊ ಅವರನ್ನು ಜನ ತಮಾಷೆಗೆ ‘ದಯಾಳು ಆಜೀವ ಸರ್ವಾಧಿಕಾರಿ’ ಎಂದು ಕರೆಯುತ್ತಿದ್ದರು. ಭಾಷೆಗೆ ಏನು ಸೇರಬೇಕೆಂದು ಯಾರು ಬೇಕಾದರೂ ‘ಪೆಪ್’ ಎಂಬ ಪ್ರಸ್ತಾವ ಬರೆಯಬಹುದಿತ್ತು, ಕೊನೆಯ ಮಾತು ಮಾತ್ರ ಅವರದಾಗಿತ್ತು. 2018ರಲ್ಲಿ ಪೆಪ್ 572 ಎಂಬ ಪ್ರಸ್ತಾವದ ಮೇಲೆ ಕಟು ಜಗಳವಾಯಿತು. ಅದನ್ನು ಒಪ್ಪಿದ ಅವರು, ಆ ಜುಲೈನಲ್ಲಿ, ಇಷ್ಟು ಜನ ದ್ವೇಷಿಸುವ ನಿರ್ಧಾರಕ್ಕಾಗಿ ಮತ್ತೆಂದೂ ಹೋರಾಡಲಾರೆ ಎಂಬ ಧಾಟಿಯಲ್ಲಿ ಬರೆದು ಅಧಿಕಾರ ಬಿಟ್ಟರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ಮುಖ್ಯ ಅಭಿವೃದ್ಧಿಕಾರರು ಚರ್ಚಿಸಿ, 2019ರಲ್ಲಿ ಐವರ ಮಂಡಳಿಯನ್ನು ಚುನಾಯಿಸಿದರು. ಆ ಮಂಡಳಿಗೆ ಹಳೆಯ ಗಾಯದ ನೆನಪಿದೆ. ಹಲವು ಕೆಲಸಗಳನ್ನು ಏಕಕಾಲಕ್ಕೆ ಓಡಿಸಲು ಅಡ್ಡಿಯಾಗಿದ್ದ ಒಳಗಿನ ಬೀಗವೊಂದನ್ನು ತೆಗೆಯುವ ಪ್ರಸ್ತಾವವನ್ನು 2023ರಲ್ಲಿ ಒಪ್ಪಿದಾಗ, ಹಂತ ಹಂತವಾಗಿ ಹೋಗೋಣ, ಸರಿಬಾರದಿದ್ದರೆ ಹಿಂತೆಗೆಯೋಣ ಎಂಬ ಷರತ್ತು ಹಾಕಿದರು. 2024ರ ಪೈಥಾನ್ 3.13ರಲ್ಲಿ ಅದು ಪ್ರಯೋಗವಾಗಿಯಷ್ಟೇ ಬಂತು.

ಹಾಗಾದರೆ 12 ವರ್ಷಗಳ ಆ ಒದ್ದಾಟ ಬೇಕಿತ್ತೇ? ಇಂಗ್ಲಿಷಿನಲ್ಲಷ್ಟೇ ಕೆಲಸ ಮಾಡುವ ಸಹೋದ್ಯೋಗಿಗಳು ಬೇಡವಿತ್ತು ಎಂದಾಗ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ನಾನು ಬೇಕಿತ್ತು ಎನ್ನುವವನು. ಇಂದು ಪಿಯುಸಿಯ ಹುಡುಗಿಯೊಬ್ಬಳು ಕನ್ನಡ ಕಡತವನ್ನು ತೆರೆದು ಪದಗಳನ್ನು ಎಣಿಸುವಾಗ, ಎಂಥ ಗೋಡೆ ಅಲ್ಲಿತ್ತು ಎಂಬುದೇ ಅವಳಿಗೆ ತಿಳಿಯುವುದಿಲ್ಲ. ತಿಳಿಯದಿರುವುದೇ ಒಳ್ಳೆಯದು. ಪೈಥಾನ್ 3ರಲ್ಲಿ ‘ಮೊತ್ತ’, ‘ಬಡ್ಡಿ’ ಎಂದು ಕನ್ನಡದಲ್ಲೇ ಚರಗಳಿಗೆ ಹೆಸರಿಡಬಹುದು. ಹಿಂದೆ ಅದಕ್ಕೂ ಅವಕಾಶವಿರಲಿಲ್ಲ.

ಆದರೆ ಮಗುವಿನ ಲೆಕ್ಕ ಇನ್ನೂ ಬಂದಿಲ್ಲ. ‘ಮೈಸೂರು’ ಪದವನ್ನು ಹಿಂದುಮುಂದು ಮಾಡು ಎಂದರೆ ಪೈಥಾನ್ ಕೊಂಬನ್ನು ಮೊದಲಿಟ್ಟು, ರಕಾರವನ್ನು ಅದರ ಹಿಂದಿಡುತ್ತದೆ. ಮೇಷ್ಟ್ರ ಪಟ್ಟಿಯ ‘ಕವಣೆ’ ಮತ್ತು ‘ಕಳೆ’ ಪದಗಳನ್ನು ಜೋಡಿಸು ಎಂದರೆ ‘ಕಳೆ’ಯನ್ನು ಮೊದಲು ತರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ. ಯೂನಿಕೋಡ್ ಸಂಖ್ಯೆಗಳಲ್ಲಿ ಅದು ಲ ಮತ್ತು ವ ನಡುವೆ ಕೂತಿದೆ. ಸರಿಯಾಗಿ ಜೋಡಿಸುವ ಲೈಬ್ರರಿಗಳಿವೆ, ಹುಡುಕಿ ತರಬೇಕು. ಇನ್ನು ‘ಸಾಫ್ಟ್‌ವೇರ್’ ಎಂಬ ಪದವನ್ನೇ ಚರದ ಹೆಸರಾಗಿ ಇಟ್ಟರೆ ಪೈಥಾನ್ ಒಪ್ಪುವುದಿಲ್ಲ. ವಕಾರ ಒತ್ತಾಗದಂತೆ ನಡುವೆ ನಾವು ಸೇರಿಸುವ ಕಣ್ಣಿಗೆ ಕಾಣದ ಸಂಕೇತ ಅದರ ನಿಯಮದಲ್ಲಿ ನಿಷಿದ್ಧ.

ಇವೆಲ್ಲ ಪೈಥಾನ್‌ನ ದೋಷಗಳಲ್ಲ, ಅದು ನೆಚ್ಚಿಕೊಂಡಿರುವ ಯೂನಿಕೋಡ್‌ನಿಂದ ಬಂದವು. ಬಳಕೆದಾರ ಯಾವುದನ್ನು ಒಂದು ಅಕ್ಷರ ಎಂದು ಕಾಣುತ್ತಾನೆ ಎಂಬುದಕ್ಕೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ನಿಯಮಗಳಿವೆ. ಬಹುಕಾಲ ಆ ನಿಯಮಗಳ ಪ್ರಕಾರ ‘ನ್ನ’ ಎಂಬುದು ಎರಡು ತುಂಡು, ಹಾಗಾಗಿ ‘ಕನ್ನಡ’ಕ್ಕೆ ನಾಲ್ಕು. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯಬಾರದು ಎಂಬ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯವಾಯಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ.

ಹದಿನೈದು, ಐದು, ನಾಲ್ಕು. ಮೂರಕ್ಕೆ ಇನ್ನೊಂದೇ ಮೆಟ್ಟಿಲು. ಇದನ್ನು ಹತ್ತಲು ಕೋಡು ಬರೆಯುವವರಷ್ಟೇ ಸಾಲದು. ಒತ್ತು ಎಲ್ಲಿ ಒಂದಾಗುತ್ತದೆ, ಎಲ್ಲಿ ಬಿಡಿಯಾಗಬೇಕು, ಹಳಗನ್ನಡದ ಪಠ್ಯದಲ್ಲಿ ಏನಾಗಬೇಕು ಎಂದು ಉದಾಹರಣೆ ಸಮೇತ ಹೇಳಬಲ್ಲ ವ್ಯಾಕರಣದ ವಿದ್ಯಾರ್ಥಿಗಳು ಬೇಕು. ಯೂನಿಕೋಡ್‌ಗೆ ಪ್ರಸ್ತಾವ ಬರೆಯಲು ಯಾರ ಶಿಫಾರಸೂ ಬೇಕಿಲ್ಲ. ಇದನ್ನು ಓದುತ್ತಿರುವ ಕನ್ನಡ ಎಂಎ ವಿದ್ಯಾರ್ಥಿಯೊಬ್ಬರು, ಪಕ್ಕದ ಎಂಜಿನಿಯರಿಂಗ್ ಕಾಲೇಜಿನ ಗೆಳತಿಯನ್ನು ಕೂರಿಸಿಕೊಂಡು ಮೊದಲ ನಾಲ್ಕು ಪುಟ ಬರೆದರೆ, ಕೆಲಸ ಶುರುವಾದಂತೆ.